ಕ್ಯೂಸೆಕ್ ಲೆಕ್ಕದಲ್ಲಿ ಬದುಕುವ ಗಡ್ಡಿಗಳು

ಜುಲೈ ಕೊನೆಯ ದಿನಗಳಲ್ಲಿ ಯಾದಗಿರಿ ಜಿಲ್ಲೆಯ ಕಕ್ಕೇರಾ ಸುತ್ತಲಿನ ರೈತರು ತೊಗರಿಗೆ ಒಂದು ಹದ ಮಳೆ ಬಂದರೆ ಸಾಕೆಂದು ಮುಗಿಲು ನೋಡುತ್ತಿರುತ್ತಾರೆ. ಅದೇ ಹೊತ್ತಿಗೆ ಅನತಿ ದೂರದಲ್ಲಿ ಕೃಷ್ಣಾ ನದಿ ದಂಡೆ ಮೀರಿ ಹರಿಯುತ್ತಿರುತ್ತದೆ. ಚಹಾದಂಗಡಿಯಲ್ಲಿ ಆಗ ಮಳೆಯ ಮಾತಿಗಿಂತ ಮುಂಚೆ ಬರುವ ಪ್ರಶ್ನೆ ಒಂದೇ: ‘ಡ್ಯಾಮಿನಿಂದ ಎಷ್ಟು ಬಿಟ್ಟಾರಂತ್ರೀ?’ ಎಂಬತ್ತು ಸಾವಿರ, ಒಂದೂವರೆ ಲಕ್ಷ, ಎರಡೂಕಾಲು ಲಕ್ಷ ಎಂದು ಉತ್ತರ ಬರುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಪ್ರತಿ ಸೆಕೆಂಡಿಗೆ ಹೊಳೆಗಿಳಿಯುವ ಘನ ಅಡಿ ನೀರಿನ ಅಂಕಿ ಅದು. ಅಂಕಿ ಏರಿದಂತೆ ಹೊಳೆಯ ನಡುವಿನ ಕೆಲವು ಊರುಗಳು ದ್ವೀಪಗಳಾಗುತ್ತವೆ. ಇಳಿದಂತೆ ಮತ್ತೆ ತಾಲ್ಲೂಕಿಗೆ ಸೇರಿಕೊಳ್ಳುತ್ತವೆ.

ಮುಗಿಲು ಬರಿದಾಗಿರುವಾಗ ಹೊಳೆ ತುಂಬುವುದಕ್ಕೆ ಕಾರಣ ದೂರದ ಘಟ್ಟದಲ್ಲಿದೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಸುರಪುರ, ಶಹಾಪುರದ ಬಯಲಿಗೆ ಬೀಳುವುದು ಅದರ ಎಂಟನೇ ಒಂದು ಪಾಲಿನಷ್ಟು. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳು ಮಹಾರಾಷ್ಟ್ರದ ಮಳೆಯನ್ನು ಹೊತ್ತು ತರುತ್ತವೆ. ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ ಸೀಮೆಯ ಮಳೆಯನ್ನು ಕೂಡಿಸುತ್ತವೆ. ಮಲಪ್ರಭೆ ಬಂದು ಸೇರುವ ಕೂಡಲಸಂಗಮದ ಕೆಳಗೆ ನಾರಾಯಣಪುರ. ಹೀಗಾಗಿ ಕೆಲವು ದಿನಗಳ ಹಿಂದೆ ಘಟ್ಟದಲ್ಲಿ ಬಿದ್ದ ಮಳೆ ಇಲ್ಲಿ ಸುಡುಬಿಸಿಲಿನಲ್ಲೇ ನೆರೆಯಾಗಿ ಬರುತ್ತದೆ. ಬರ ಮತ್ತು ನೆರೆ ಒಂದೇ ವಾರ, ಒಂದೇ ಹೋಬಳಿಯಲ್ಲಿ ಕಾಣಸಿಗುವುದು ಈ ಭಾಗದ ಭೂಗೋಳದ ಮೊದಲ ಪಾಠ.

ಎರಡನೆಯ ಪಾಠ ಕಲ್ಲಿನದು. ಅಣೆಕಟ್ಟಿನ ಎಡಕ್ಕೆ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕು, ಬಲಕ್ಕೆ ರಾಯಚೂರು ಜಿಲ್ಲೆಯ ಲಿಂಗಸುಗೂರು. ಇಲ್ಲಿಂದ ಕೆಳಕ್ಕೆ ನದಿಯ ನಡೆಯೇ ಬದಲಾಗುತ್ತದೆ. ಬಾಗಲಕೋಟೆ, ವಿಜಯಪುರದ ಕಪ್ಪು ಮಣ್ಣಿನ ನಡುವೆ ಒಂದೇ ಪಾತ್ರದಲ್ಲಿ ಅಗಲವಾಗಿ ಬಂದ ಹೊಳೆ, ನಾರಾಯಣಪುರದ ಕೆಳಗಿನ ಗಟ್ಟಿ ಕಣಶಿಲೆಯ ಬಂಡೆಗಳಿಗೆ ಸಿಕ್ಕಿ ಹಲವು ಕವಲಾಗಿ ಒಡೆಯುತ್ತದೆ. ಬಂಡೆಯನ್ನು ಕೊರೆಯಲಾರದ ನೀರು ಅದರ ಬಿರುಕುಗಳನ್ನೇ ದಾರಿ ಮಾಡಿಕೊಂಡು ಹರಿಯುತ್ತದೆ. ಛಾಯಾ ಭಗವತಿ ಗುಡಿಯ ಬಳಿ, ಅದಕ್ಕೂ ಕೆಳಗೆ ಜಲದುರ್ಗದ ಬಳಿ ಈ ಕವಲುಗಳು ಧುಮ್ಮಿಕ್ಕುವುದನ್ನು ನೋಡಲು ಮಳೆಗಾಲದಲ್ಲಿ ಜನ ಸೇರುತ್ತಾರೆ. ಜಲದುರ್ಗದ ಸುತ್ತ ಮೂರು ಮೈಲಿಯೊಳಗೆ ಕೃಷ್ಣೆ ಸುಮಾರು 400 ಅಡಿ ಇಳಿಯುತ್ತದೆ ಎಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ಬರೆದಿದೆ. ದಖ್ಖನ್ ಪ್ರಸ್ಥಭೂಮಿಯಿಂದ ರಾಯಚೂರು ದೋಆಬಿಗೆ ಹೊಳೆ ಇಳಿಯುವ ಮೆಟ್ಟಿಲು ಇದು.

ಎರಡು ಕವಲುಗಳ ನಡುವೆ ಉಳಿದ ಎತ್ತರದ ನೆಲವೇ ಗಡ್ಡಿ. ಯಾದಗಿರಿ ಕಡೆ ಕಕ್ಕೇರಾ ಸಮೀಪದ ನೀಲಕಂಠರಾಯನಗಡ್ಡಿ. ಲಿಂಗಸುಗೂರು ಕಡೆ ಕರಕಲಗಡ್ಡಿ, ಮ್ಯಾದರಗಡ್ಡಿ, ಒಂಕಮ್ಮನಗಡ್ಡಿ, ಕಡದರಗಡ್ಡಿ. ಭೀಮೆ ಬಂದು ಸೇರಿದ ಮೇಲೆ ರಾಯಚೂರು ತಾಲ್ಲೂಕಿನಲ್ಲಿ ಕುರ್ವಕುಲ, ಕುರ್ವಕುರ್ದ, ಅಗ್ರಹಾರ, ನಾರದಗಡ್ಡೆ. ಇವುಗಳ ಅಡಿಪಾಯ ಬಂಡೆ, ಮೇಲ್ಪದರ ಹೊಳೆ ತಂದು ಹಾಸಿದ ಮೆಕ್ಕಲು ಮಣ್ಣು. ಅಸ್ಸಾಮಿನ ಬ್ರಹ್ಮಪುತ್ರಾ ನಡುವಿನ ಮಾಜುಲಿ ದ್ವೀಪಕ್ಕೆ ಹೋಲಿಸಿದರೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. 2016ರಲ್ಲಿ ದೇಶದ ಮೊದಲ ದ್ವೀಪ ಜಿಲ್ಲೆಯಾದ ಮಾಜುಲಿ ಪೂರ್ತಿ ಮರಳು ಮತ್ತು ಹೂಳಿನದು. ಕಳೆದ ಒಂದು ಶತಮಾನದಲ್ಲಿ ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ನದಿಗೆ ಕೊಟ್ಟಿದೆ. ಕೃಷ್ಣೆಯ ಗಡ್ಡಿಗಳು ಹಾಗೆ ಕರಗುವುದಿಲ್ಲ. ನೆರೆ ಇಳಿದಾಗ ನೆಲ ಅಲ್ಲೇ ಇರುತ್ತದೆ, ಕೆಲವೊಮ್ಮೆ ಹೊಸ ಮಣ್ಣಿನ ಹೊದಿಕೆಯೊಂದಿಗೆ. ಇಲ್ಲಿಯವರ ಕಷ್ಟವೆಲ್ಲ ದಾರಿಯದು.

ನೀರು ಸುತ್ತುವರಿದ ಬಂಡೆ ಒಂದು ಕಾಲಕ್ಕೆ ರಕ್ಷಣೆಯಾಗಿತ್ತು. ಜಲದುರ್ಗದ ಕೋಟೆ ಹೆಸರಿನಲ್ಲೇ ಅದನ್ನು ಹೇಳುತ್ತದೆ. ಕೃಷ್ಣಾ–ತುಂಗಭದ್ರಾ ನಡುವಿನ ದೋಆಬಿಗಾಗಿ ವಿಜಯನಗರ, ಬಹಮನಿ, ಆದಿಲಶಾಹಿ ಅರಸರು ಕಾದಾಡಿದ ಕಾಲದಲ್ಲಿ ಹೊಳೆಯ ಒಂದೊಂದು ಹಾಯ್ಗಡವೂ ಸೈನ್ಯದ ಲೆಕ್ಕದಲ್ಲಿತ್ತು. ಎಡದಂಡೆಯ ವಾಗಣಗೇರಾದಲ್ಲಿ ಸುರಪುರದ ನಾಯಕರು 1705ರಲ್ಲಿ ಔರಂಗಜೇಬನ ದೊಡ್ಡ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಹುಣಸಗಿ ಬಳಿಯ ಇಸಾಂಪುರದಲ್ಲಿ ಪ್ರಾಕ್ತನಶಾಸ್ತ್ರಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದ ಕಲ್ಲಿನ ಕೈಗೊಡಲಿಗಳ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಾಗಿದೆ. ನೀರು ಮತ್ತು ಕಲ್ಲು ಎರಡೂ ಒಟ್ಟಿಗೆ ಸಿಗುವ ಈ ಸೀಮೆಯಲ್ಲಿ ಮನುಷ್ಯ ನೆಲೆ ನಿಂತದ್ದು ಇಂದು ನಿನ್ನೆಯ ಮಾತಲ್ಲ. ಗಡ್ಡಿಯವರು ಹೋಗಿ ಹೋಗಿ ಹೊಳೆಯ ನಡುವೆ ಮನೆ ಕಟ್ಟಿದರಲ್ಲ ಎಂದು ದಂಡೆಯ ಮೇಲೆ ನಿಂತು ಕೇಳುವವರು ಇದನ್ನು ನೆನಪಿಡಬೇಕು.

ಗಡ್ಡಿಯ ವರ್ಷ ಎರಡು ಹೋಳು. ದೀಪಾವಳಿಯ ಹೊತ್ತಿಗೆ ಹೊಳೆ ಇಳಿದು, ಬೇಸಿಗೆಯಲ್ಲಿ ಕವಲುಗಳು ಕಲ್ಲುಗುಂಡಿಗಳಾಗಿ ಉಳಿಯುತ್ತವೆ. ಆಗ ಗಡ್ಡಿ ದ್ವೀಪವಲ್ಲ, ದಾರಿ ಸ್ವಲ್ಪ ಕೆಟ್ಟಿರುವ ಒಂದು ಹಳ್ಳಿ ಅಷ್ಟೆ. ಸಂತೆಗೆ, ಆಸ್ಪತ್ರೆಗೆ, ನ್ಯಾಯಬೆಲೆ ಅಂಗಡಿಗೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ಹೋಗಿ ಬರಬಹುದು. ಬೆಳೆ ಎಲ್ಲ ಈ ಭಾಗದ್ದೇ: ಸಜ್ಜೆ, ಜೋಳ, ತೊಗರಿ, ಶೇಂಗಾ, ಪಂಪ್‌ಸೆಟ್ಟಿನ ನೀರು ಸಿಕ್ಕ ಕಡೆ ಭತ್ತ. ಕುರಿ, ಆಡು, ಎಮ್ಮೆ ಮನೆಮನೆಗೂ ಇವೆ. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳಂತೆ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುವವರು ಇಲ್ಲೂ ಇದ್ದಾರೆ. ಮುದುಕರು ಮತ್ತು ಮಕ್ಕಳು ಊರು ಕಾಯುತ್ತಾರೆ.

ಮಳೆಗಾಲದಲ್ಲಿ ಇದೆಲ್ಲ ತಿರುವುಮುರುವು. ಪ್ರಾಥಮಿಕ ಶಾಲೆ ಮುಗಿಸಿದ ಮಗು ಮುಂದಿನ ತರಗತಿಗೆ ಆಚೆ ದಂಡೆಗೆ ಹೋಗಬೇಕು. ಹೊಳೆ ಬಂದರೆ ಹಾಜರಿ ತಪ್ಪುತ್ತದೆ. ಗಡ್ಡಿಯ ಶಾಲೆಗೆ ಬರಬೇಕಾದ ಶಿಕ್ಷಕರೂ ಆಚೆ ದಂಡೆಯಲ್ಲೇ ನಿಲ್ಲುತ್ತಾರೆ. ಬೀಸುವ ಗಿರಣಿಗೆ, ಸೀಮೆಎಣ್ಣೆ, ಎಣ್ಣೆ, ಬೇಳೆಗೆ ಮೊದಲೇ ವ್ಯವಸ್ಥೆ ಮಾಡಿಕೊಂಡಿರಬೇಕು. ಹೊಳೆ ಏರುವ ಸುದ್ದಿ ಬಂದ ರಾತ್ರಿಯೇ ಗಂಡಾಳುಗಳೆಲ್ಲ ದಂಡೆಗೆ ಓಡಿ ಪಂಪ್‌ಸೆಟ್ಟು, ಪೈಪು, ವೈರು ಮೇಲೆಳೆದು ತರುತ್ತಾರೆ. ಒಂದು ಮೋಟರು ಕೊಚ್ಚಿಹೋದರೆ ಒಂದು ಬೆಳೆಯ ಲಾಭ ಹೋದಂತೆ. ಕೃಷ್ಣೆಯ ಈ ಪಾತ್ರದಲ್ಲಿ ಮೊಸಳೆಗಳಿವೆ. ಸೆಳವು ಕಮ್ಮಿಯಾಯಿತೆಂದು ನೀರಿಗಿಳಿಯುವ ಮುನ್ನ ಅದನ್ನೂ ಯೋಚಿಸಬೇಕು.

ದಾಟುವ ಸಾಧನ ಹರಿಗೋಲು, ತೆಪ್ಪ, ಅದೂ ಇಲ್ಲದಿದ್ದರೆ ಒಣಗಿದ ಸೋರೆಬುರುಡೆ. ಬುರುಡೆಯ ಲೆಕ್ಕ ಸರಳ. ಮನುಷ್ಯನ ಮೈ ನೀರಿನಲ್ಲಿ ಹೆಚ್ಚುಕಡಿಮೆ ತಾನೇ ತೇಲುತ್ತದೆ. ತಲೆಯನ್ನು ಮೇಲಿಡಲು ನಾಲ್ಕೈದು ಕಿಲೊ ಎತ್ತುವಷ್ಟು ಬಲ ಹೆಚ್ಚುವರಿಯಾಗಿ ಸಿಕ್ಕರೆ ಸಾಕು. ತಿರುಳು ಒಣಗಿ ಗಾಳಿ ತುಂಬಿದ, ಐದು ಲೀಟರ್ ಗಾತ್ರದ ಒಂದು ಬುರುಡೆ ಅಷ್ಟನ್ನು ಕೊಡುತ್ತದೆ. ಎರಡು ಮೂರನ್ನು ಹಗ್ಗದಲ್ಲಿ ಹೆಣೆದು ಸೊಂಟಕ್ಕೋ ಎದೆಗೋ ಕಟ್ಟಿಕೊಂಡರೆ ಕೈಗಳು ಈಜಲು ಬಿಡುವಾಗಿರುತ್ತವೆ. ಗಡ್ಡಿಯ ಮಕ್ಕಳು ನಡೆಯುವುದರ ಹಿಂದೆಯೇ ಈಜನ್ನೂ ಕಲಿಯುತ್ತಾರೆ. ನೆಟ್ಟಗೆ ಎದುರು ದಂಡೆಗೆ ಗುರಿಯಿಡದೆ, ಮೇಲಿನಿಂದ ಇಳಿದು ಸೆಳವಿನ ಜತೆ ಓರೆಯಾಗಿ ಕೆಳಗಿನ ಯಾವ ಬಂಡೆ ಹಿಡಿಯಬೇಕೆಂಬುದು ಅಲ್ಲಿಯ ಈಜಿನ ವಿದ್ಯೆ.

2013ರ ಜುಲೈ ಕೊನೆಯಲ್ಲಿ ಈ ವಿದ್ಯೆಯ ಸುದ್ದಿ ಹೊರಜಗತ್ತಿಗೂ ಮುಟ್ಟಿತು. ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ತಂದೆ ಮತ್ತು ಸಹೋದರರ ನೆರವಿನಲ್ಲಿ, ಒಣಬುರುಡೆಗಳನ್ನು ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ಕಕ್ಕೇರಾ ದಂಡೆ ಸೇರಿದರು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂಬುದು ಅವರ ಹಟವಾಗಿತ್ತು.  ವಿದೇಶದ ಪತ್ರಿಕೆಗಳೂ ಬರೆದವು, ಸಾಹಸವೆಂದು ಹೊಗಳಿದವು. ಸರ್ಕಾರ ‘ಹೆರಿಗೆಗೆ ಆಸ್ಪತ್ರೆಗೇ ಬನ್ನಿ’ ಎಂದು ವರ್ಷಗಟ್ಟಲೆ ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದ ಒಬ್ಬ ಹೆಣ್ಣುಮಗಳು ಅದಕ್ಕಾಗಿ ಜೀವ ಪಣಕ್ಕಿಟ್ಟಳು ಎಂಬುದು ಹೊಗಳಿಕೆಯ ಗದ್ದಲದಲ್ಲಿ ಹಿಂದೆ ಸರಿಯಿತು. ಸೇತುವೆಯ ಬೇಡಿಕೆಗೆ ಆ ಸುದ್ದಿಯಿಂದ ಬಲ ಬಂತು, ಮುಂದೆ ಸೇತುವೆಯೂ ಬಂತು. ಆದರೆ ಅದರ ಎತ್ತರ ಸಣ್ಣ ಹೊಳೆಗೆ ಸಾಕಾಗುವಷ್ಟು. ದೊಡ್ಡ ಬಿಡುಗಡೆಯ ದಿನ ಅದೂ ನೀರಿನಡಿ.

ಈಗ ಅಣೆಕಟ್ಟಿನ ಕಡೆ ತಿರುಗೋಣ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಆಲಮಟ್ಟಿ ನೀರು ಕೂಡಿಡುವ ಕಣಜ, ನಾರಾಯಣಪುರ ಹಂಚುವ ಕೈ. ನಾರಾಯಣಪುರದ ಅಣೆಕಟ್ಟು ಮೊದಲೇ, 1982ರಲ್ಲಿ ಪೂರ್ಣಗೊಂಡಿತು: ಹತ್ತೂವರೆ ಕಿಲೊಮೀಟರಿಗೂ ಉದ್ದ, ಸುಮಾರು 29 ಮೀಟರ್ ಎತ್ತರ, 30 ಗೇಟು, ಗರಿಷ್ಠ ಮಟ್ಟ 492.25 ಮೀಟರ್, ಸಂಗ್ರಹ 33 ಟಿಎಂಸಿ ಅಡಿಯಷ್ಟು. ಮೇಲಿನ ಆಲಮಟ್ಟಿಯದು 519.6 ಮೀಟರಿನಲ್ಲಿ 123 ಟಿಎಂಸಿ ಅಡಿ. ನಾರಾಯಣಪುರದಿಂದ ಹೊರಡುವ ಎಡದಂಡೆ ಕಾಲುವೆ 78 ಕಿಲೊಮೀಟರ್. ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳು ಅದರ ಮಕ್ಕಳು. ಬಲದಂಡೆ ಕಾಲುವೆ ರಾಯಚೂರು ಕಡೆಗೆ 95 ಕಿಲೊಮೀಟರ್. ಮೊದಲೆರಡು ಹಂತಗಳ ಒಟ್ಟು ನೀರಾವರಿ ಗುರಿ 6.22 ಲಕ್ಷ ಹೆಕ್ಟೇರ್.

ಈ ನೀರು ಸುರಪುರ, ಶಹಾಪುರದ ಬದುಕನ್ನೇ ಬದಲಿಸಿತು, ಅದರಲ್ಲಿ ಎರಡು ಮಾತಿಲ್ಲ. ಯೋಜನೆ ಮಾಡಿದವರು ಜೋಳ, ಹತ್ತಿ, ಶೇಂಗಾ, ತೊಗರಿಯಂಥ ಹಗುರ ನೀರಾವರಿ ಬೆಳೆಗಳನ್ನು ಎಣಿಸಿದ್ದರು. ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು. ಕೊನೆಭಾಗದವರು ವಾರಾಬಂದಿಯ ಪಾಳಿ ಕಾಯುತ್ತ ಕೂತರು. ನೀರಾವರಿ ಸಲಹಾ ಸಮಿತಿ ಸಭೆಯ ದಿನ ಇಡೀ ಜಿಲ್ಲೆಯೇ ಕಿವಿಯಾಗಿರುತ್ತದೆ. ಆದರೆ ಕಾಲುವೆ ಹರಿಯುವುದು ಗುರುತ್ವದ ದಾರಿಯಲ್ಲಿ, ದಂಡೆಯ ಎತ್ತರವನ್ನು ಹಿಡಿದು. ಅಣೆಕಟ್ಟಿನ ಬುಡದ ಕೆಳಗೆ, ಹೊಳೆಯ ಪಾತ್ರದೊಳಗೇ ಇರುವ ಗಡ್ಡಿಗೆ ಕಾಲುವೆ ಬರುವ ಮಾತೇ ಇಲ್ಲ. ಅದಕ್ಕೆ ಸಿಗುವುದು ಕಾಲುವೆಗೆ ಕೊಟ್ಟು ಉಳಿದ ನೀರು ಮಾತ್ರ. ಬೇಸಿಗೆಯಲ್ಲಿ ಉಳಿಯುವುದು ಏನೂ ಇಲ್ಲ. ಆಗ ಕೆಳಗಿನ ಊರುಗಳು ಕುಡಿಯುವ ನೀರಿಗಾದರೂ ಹೊಳೆಗೆ ಬಿಡಿ ಎಂದು ಕೇಳುತ್ತವೆ. ಮಳೆಗಾಲದಲ್ಲಿ ಉಳಿಯುವುದು ತಡೆಯಲಾಗದಷ್ಟು.

ತಡೆಯಲಾಗದಷ್ಟು ಎಂದರೆ ಎಷ್ಟು? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಅಡಿ ನೀರು. ಬಸವಸಾಗರ ಪೂರ್ತಿ ಖಾಲಿ ಇದ್ದರೂ ಆ ವೇಗದಲ್ಲಿ ನಾಲ್ಕು ದಿನದೊಳಗೆ ತುಂಬಿ ತುಳುಕುತ್ತದೆ. 2019ರ ಆಗಸ್ಟ್‌ನಲ್ಲಿ ಇಲ್ಲಿಂದ ಹೊರಬಿಟ್ಟ ನೀರು ಆರು ಲಕ್ಷ ಕ್ಯೂಸೆಕ್ ದಾಟಿತ್ತು. ಆ ಪ್ರವಾಹ ಖಾಲಿ ಜಲಾಶಯಕ್ಕೆ ನುಗ್ಗಿದ್ದರೂ ಹದಿನೈದು ಹದಿನಾರು ತಾಸಿನಲ್ಲಿ ಅದನ್ನು ತುಂಬಿಸಿಬಿಡುತ್ತಿತ್ತು. ಮಳೆಗಾಲದ ನಡುವೆ ಜಲಾಶಯ ಖಾಲಿಯೂ ಇರುವುದಿಲ್ಲ. ಕಾಲುವೆಗಾಗಿ ಆಗಲೇ ತುಂಬಿಸಿಟ್ಟಿರುತ್ತಾರೆ. ಹೀಗಾಗಿ ದೊಡ್ಡ ನೆರೆಯನ್ನು ನಾರಾಯಣಪುರ ತಡೆದು ನಿಲ್ಲಿಸಬೇಕಿತ್ತು ಎನ್ನುವುದು ನ್ಯಾಯವಾದ ಮಾತಲ್ಲ. ಅಣೆಕಟ್ಟಿಲ್ಲದ ಕಾಲದಲ್ಲೂ ಹೊಳೆ ಬರುತ್ತಿತ್ತು, ಗಡ್ಡಿ ಕಡಿದುಹೋಗುತ್ತಿತ್ತು.

ಬದಲಾದದ್ದು ನೀರು ಏರುವ ರೀತಿ. ಹಳೆಯ ಹೊಳೆ ಬಣ್ಣ ಬದಲಿಸುತ್ತಿತ್ತು, ಕಸಕಡ್ಡಿ ತರುತ್ತಿತ್ತು, ದಿನಕ್ಕಿಷ್ಟು ಎಂದು ಏರುತ್ತಿತ್ತು. ಹಿರಿಯರು ಅದನ್ನು ಓದಬಲ್ಲವರಾಗಿದ್ದರು. ಈಗಿನ ಏರಿಕೆ ಗೇಟು ಎಷ್ಟು ಎತ್ತಿದರು, ಎಷ್ಟು ಹೊತ್ತಿಗೆ ಎತ್ತಿದರು ಎಂಬುದನ್ನು ಅವಲಂಬಿಸಿದೆ. ಮೇಲೆ ಆಲಮಟ್ಟಿಯ ಒಳಹರಿವು, ವಿದ್ಯುತ್ ಉತ್ಪಾದನೆ, ಕಾಲುವೆಯ ಬೇಡಿಕೆ, ಅದಕ್ಕೂ ಮೇಲೆ ಕೊಯ್ನಾದ ಬಿಡುಗಡೆ ಎಲ್ಲ ಕೂಡಿ ಆ ನಿರ್ಧಾರವಾಗುತ್ತದೆ. ನೀರು ಪ್ರಕೃತಿಯದೇ ಇರಬಹುದು. ಅದು ಗಡ್ಡಿಗೆ ಮುಟ್ಟುವ ಗಳಿಗೆ ಮಾತ್ರ ಮನುಷ್ಯರು ಆರಿಸಿದ್ದು. ಗಳಿಗೆ ಆರಿಸುವವರ ಮೇಲೆ ಅದರ ಹೊಣೆಯೂ ಇರಬೇಕಲ್ಲವೇ?

ಹೊಣೆಯ ಲೆಕ್ಕ ಹೇಗೆ ಹರಿದುಹೋಗಿದೆ ನೋಡಿ. ಅಣೆಕಟ್ಟಿನ ಮೇಲ್ಗಡೆ ಮುಳುಗಿದ ಊರಿಗೆ ‘ಮುಳುಗಡೆ’ ಎಂಬ ಕಾನೂನಿನ ಹೆಸರಿದೆ. ಅದಕ್ಕೆ ಪರಿಹಾರವಿದೆ, ಪುನರ್ವಸತಿ ಕೇಂದ್ರವಿದೆ, ಅಧಿಕಾರಿಗಳಿದ್ದಾರೆ, ಕೋರ್ಟಿನಲ್ಲಿ ಹೆಚ್ಚಿನ ಪರಿಹಾರ ಕೇಳುವ ದಾರಿಯಿದೆ. ಸಿಕ್ಕದ್ದು ಸಾಲದು, ತಡವಾಯಿತು ಎಂಬ ದೂರುಗಳು ನಿಜವೇ ಇದ್ದರೂ ಖಾತೆಯಂತೂ ಇದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ಬಸವಸಾಗರದ ಹಿನ್ನೀರಿಗೆ ಸಿಕ್ಕಾಗ ಅದರ ಸುತ್ತ ಬಾವಿಯಂತೆ ಗಟ್ಟಿ ಗೋಡೆ ಕಟ್ಟಿ, ನೀರು ಎಷ್ಟೇ ಏರಿದರೂ ಭಕ್ತರು ನಡೆದು ಹೋಗಿ ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿದರು. ಗರಿಷ್ಠ ಮಟ್ಟ ಲೆಕ್ಕ ಹಾಕಿ ಅದಕ್ಕಿಂತ ಎತ್ತರಕ್ಕೆ ದಾರಿ ಕಟ್ಟುವುದು ನಮ್ಮ ಎಂಜಿನಿಯರುಗಳಿಗೆ ತಿಳಿಯದ ವಿದ್ಯೆಯೇನಲ್ಲ.

ಅದೇ ಅಣೆಕಟ್ಟಿನ ಕೆಳಗಡೆ ಖಾತೆ ಬೇರೆ. ಗಡ್ಡಿ ಕಡಿದುಹೋದರೆ ಅದು ‘ಪ್ರಕೃತಿ ವಿಕೋಪ’. ತಹಶೀಲ್ದಾರರು ಬರುತ್ತಾರೆ, ದೋಣಿ ಬರುತ್ತದೆ, ಕಾಳಜಿ ಕೇಂದ್ರ ತೆರೆಯುತ್ತದೆ. ನೀರು ಇಳಿದ ಮೇಲೆ ಕಡತವೂ ಇಳಿಯುತ್ತದೆ. ಮೇಲ್ಗಡೆಯ ನೀರಿಗೆ ಯೋಜನೆ ಜವಾಬ್ದಾರಿ, ಕೆಳಗಡೆಯ ನೀರಿಗೆ ದೇವರು ಜವಾಬ್ದಾರಿ ಎಂಬಂತಿದೆ ಈ ಏರ್ಪಾಡು. ನಡುವೆ ಇರುವುದು ಅದೇ 30 ಗೇಟು.

ಸೇತುವೆಗಳ ಕತೆಯಲ್ಲೂ ಇದೇ ಗೋಜಲು. ಗಡ್ಡಿಗಳಿಗೆ ಹೋಗುವ ಶೀಲಹಳ್ಳಿ ಸೇತುವೆ, ದೇವದುರ್ಗ–ಶಹಾಪುರ ನಡುವಿನ ಹೂವಿನಹೆಡಗಿ ಬಳಿಯ ಸೇತುವೆಗಳನ್ನೇ ನೋಡಿ; ಹೂವಿನಹೆಡಗಿಯ ಸೇತುವೆಯನ್ನು ಶಹಾಪುರ ತಾಲ್ಲೂಕಿನ ಕೊಳ್ಳೂರಿನ ಜನ ಪ್ರತಿ ಮಳೆಗಾಲ ಅಳತೆಗೋಲಿನಂತೆ ನೋಡುತ್ತಾರೆ. ಇಂಥವು ತಗ್ಗು ಸೇತುವೆಗಳು. ವರ್ಷದ ಎಂಟೊಂಬತ್ತು ತಿಂಗಳು ದಾಟಿಸಿದರೆ ಸಾಕು, ಮಹಾನೆರೆ ಬಂದಾಗ ನೀರು ಮೇಲೆ ಹಾದುಹೋಗಲಿ, ಮರದ ದಿಮ್ಮಿ ಬಡಿದು ಕಂಬ ಮುರಿಯದಿರಲಿ ಎಂಬುದು ಅವುಗಳ ಹಿಂದಿನ ತರ್ಕ. ಖರ್ಚೂ ಕಮ್ಮಿ. ಬೇರೆ ದಾರಿ ಇರುವ ಊರಿಗೆ ಈ ತರ್ಕ ಒಪ್ಪುತ್ತದೆ: ಸುತ್ತಿ ಬಳಸಿ ಹೋಗಬಹುದು. ನಾಲ್ಕೂ ಕಡೆ ನೀರಿರುವ ಊರಿಗೆ ಸುತ್ತಿ ಹೋಗಲು ದಾರಿ ಎಲ್ಲಿದೆ? ಉಳಿದ ಎಂಟು ತಿಂಗಳು ಕಲ್ಲು ತುಳಿದೇ ದಾಟಬಲ್ಲವರಿಗೆ ಸೇತುವೆ ಬೇಕಾಗುವುದೇ ಅದು ಮುಳುಗುವ ವಾರದಲ್ಲಿ. ರಾಯಚೂರು ತಾಲ್ಲೂಕಿನ ಕುರ್ವಕುರ್ದ, ಕುರ್ವಕುಲಗಳ ಪಾಡು ಇನ್ನೊಂದು ಬಗೆ. ಅವುಗಳ ಕೆಳಗೆ ತೆಲಂಗಾಣದ ಜೂರಾಲ ಅಣೆಕಟ್ಟಿನ ಹಿನ್ನೀರು ನಿಂತು, ಬೇಸಿಗೆಯ ಕಲ್ಲುದಾರಿಯೂ ಹೋಯಿತು. ಕಟ್ಟಲು ಹೊರಟ ಸೇತುವೆ ವರ್ಷಗಟ್ಟಲೆ ಅರ್ಧಕ್ಕೇ ನಿಂತಿತು.

2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ನಡೆದದ್ದನ್ನು ಅನೇಕರು ನೋಡಿರಬಹುದು. ನೀರಿನಡಿ ಮರೆಯಾದ ಸೇತುವೆಯ ಅಂಚು ಚಾಲಕನಿಗೆ ಕಾಣದಿದ್ದಾಗ, ಊರಿನ ಬಾಲಕನೊಬ್ಬ ನೀರಿನಲ್ಲಿ ಮುಂದೆ ಓಡುತ್ತ ಆಂಬುಲೆನ್ಸಿಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ಬಂತು, ಬರಲೇಬೇಕಿತ್ತು. ಮುಂದಿನ ವರ್ಷ, 2020ರ ಆಗಸ್ಟ್‌ನಲ್ಲಿ, ನಾರಾಯಣಪುರದ ಕೆಳಗಿನ ಗಡ್ಡಿಯೊಂದರಲ್ಲಿ ಕುರಿ ಮೇಯಿಸಲು ಹೋಗಿ ಸಿಲುಕಿದ ಕುರಿಗಾಹಿಯನ್ನು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ದೋಣಿಯಲ್ಲಿ ಕರೆತಂದರು. ಕುರಿ ಬಿಟ್ಟು ಬರುವುದಿಲ್ಲವೆಂದು ಕುರಿಗಾಹಿಗಳು ಹಟ ಹಿಡಿಯುವುದು ಪ್ರತಿ ನೆರೆಯಲ್ಲೂ ಕೇಳುವ ಸುದ್ದಿ. ಅಧಿಕಾರಿಗಳಿಗೆ ಅದು ಮೊಂಡುತನ. ಆದರೆ ನೂರು ಕುರಿಯ ಹಿಂಡು ಅಂದರೆ ಆ ಮನೆಯ ಬ್ಯಾಂಕು, ಮಗಳ ಮದುವೆ, ಮುಪ್ಪಿನ ಪಿಂಚಣಿ. ಮನುಷ್ಯರನ್ನು ಮಾತ್ರ ಹತ್ತಿಸಿಕೊಳ್ಳುವ ದೋಣಿ ಅವರ ಪಾಲಿಗೆ ಅರ್ಧ ರಕ್ಷಣೆ.

ಸ್ಥಳಾಂತರವೇ ಪರಿಹಾರ ಎಂಬ ಮಾತು ಪ್ರತಿ ನೆರೆಯಲ್ಲಿ ಏಳುತ್ತದೆ. ಕೆಲವು ಗಡ್ಡಿಗಳ ಜನ ಅದಕ್ಕೆ ಒಪ್ಪಲೂಬಹುದು. ಆದರೆ ಅವರು ಕೇಳುವುದು ಜಾಗ, ಮನೆ, ಅದರ ಜತೆಗೆ ಜಮೀನು. ಜಮೀನಿಲ್ಲದೆ ದಂಡೆಯ ಮೇಲೊಂದು ಮನೆ ಕೊಟ್ಟರೆ ಹೊಲಕ್ಕಾಗಿ ಅವರು ಪ್ರತಿದಿನ ಹೊಳೆ ದಾಟಬೇಕು; ಇಂದು ವಾರಕ್ಕೊಮ್ಮೆ ದಾಟುವವರು ನಾಳೆ ದಿನಕ್ಕೆರಡು ಬಾರಿ ದಾಟಿದಂತಾಗುತ್ತದೆ.

ಇನ್ನು ಮುನ್ಸೂಚನೆಯ ಮಾತು. ದ್ವೀಪದ ಬದುಕನ್ನು ನಮಗಿಂತ ಹೆಚ್ಚು ಬಲ್ಲ ಕೆರಿಬಿಯನ್ ಸಮುದ್ರದ ನಾಡುಗಳಿಂದ ಕಲಿಯುವುದು ಇಲ್ಲಿದೆ.   ಆ ದ್ವೀಪಗಳಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಬಹುತೇಕ ನಮ್ಮ ಹೊಳೆಯ ಕಾಲವೇ. 2017ರಲ್ಲಿ ಮಾರಿಯಾ ಚಂಡಮಾರುತ ಡೊಮಿನಿಕಾವನ್ನು ನುಚ್ಚುನೂರು ಮಾಡಿದಂಥ ಅನುಭವಗಳಿರುವ ಜನ ಅವರು. ಅಲ್ಲಿ ಗಾಳಿಯ ಬಲವನ್ನು ಒಂದರಿಂದ ಐದರವರೆಗಿನ ದರ್ಜೆಯಲ್ಲಿ ಹೇಳುತ್ತಾರೆ. ಒಂದಕ್ಕೆ ತೋಟದ ಬಾಳೆಗೆ ಆಪತ್ತು, ಐದಕ್ಕೆ ಮನೆಯ ಸೂರಿಗೆ ಆಪತ್ತು. ವೇಗ ಎಷ್ಟೆಂದು ತಿಳಿಯದ ರೈತನಿಗೂ ಏನು ಮಾಡಬೇಕೆಂದು ತಿಳಿಯುತ್ತದೆ.

ನಮ್ಮಲ್ಲಿ ಎಚ್ಚರಿಕೆ ಕ್ಯೂಸೆಕ್‌ನಲ್ಲಿ ಬರುತ್ತದೆ. ಕ್ಯೂಸೆಕ್ ನೀರಿನ ಪ್ರಮಾಣ ಹೇಳುತ್ತದೆ, ಎತ್ತರ ಹೇಳುವುದಿಲ್ಲ. ಎರಡು ಲಕ್ಷ ಕ್ಯೂಸೆಕ್ ಅಗಲ ಪಾತ್ರದಲ್ಲಿ ಮೊಣಕಾಲಷ್ಟು ಏರಿಸಿದರೆ ಬಂಡೆಗಳ ಇಕ್ಕಟ್ಟಿನಲ್ಲಿ ಆಳೆತ್ತರ ಏರಿಸಬಹುದು. ಪ್ರಮಾಣಕ್ಕೂ ಮಟ್ಟಕ್ಕೂ ಇರುವ ಸಂಬಂಧವನ್ನು ಒಂದೊಂದು ಜಾಗದಲ್ಲೂ ಬೇರೆಯಾಗಿ ಅಳೆಯಬೇಕು. ಕೇಂದ್ರ ಜಲ ಆಯೋಗ ಹೂವಿನಹೆಡಗಿ, ದೇವಸೂಗೂರಿನಂಥ ಕಡೆ ಈ ಅಳತೆ ಮಾಡುತ್ತಲೇ ಬಂದಿದೆ. ಅದನ್ನೇ ಪ್ರತಿ ಗಡ್ಡಿಯ ಹಾಯ್ಗಡಕ್ಕೂ ವಿಸ್ತರಿಸಿ, ಬಂಡೆಯ ಮೇಲೆ ಬಣ್ಣದ ಪಟ್ಟಿ ಹಚ್ಚಬಹುದು: ಹಸಿರು ಪಟ್ಟಿಯವರೆಗೆ ನಡೆದು ದಾಟಬಹುದು, ಹಳದಿಗೆ ಹರಿಗೋಲು ಮಾತ್ರ, ಕೆಂಪಿಗೆ ಯಾರೂ ಇಳಿಯಕೂಡದು. ನಾರಾಯಣಪುರದಿಂದ ಹೊರಡುವ ಸಂದೇಶ ‘ಒಂದೂವರೆ ಲಕ್ಷ’ ಎನ್ನುವ ಜತೆಗೆ ‘ನಿಮ್ಮೂರಿನಲ್ಲಿ ಇಂದು ಸಂಜೆ ಆರಕ್ಕೆ ಹಳದಿ ದಾಟುತ್ತದೆ’ ಎಂದೂ ಹೇಳಬೇಕು. ಗಡ್ಡಿಯ ಹಿರಿಯರ ಬಳಿ ಇದರ ಅರ್ಧ ಲೆಕ್ಕ ಈಗಾಗಲೇ ಇದೆ. ಯಾವ ಬಂಡೆ ಮುಳುಗಿದರೆ ಯಾವ ದಾರಿ ಬಂದ್ ಎಂದು ಅವರಿಗೆ ಗೊತ್ತು. ಎಂಜಿನಿಯರು ಅವರ ಜತೆ ಕೂತರೆ ಪೂರ್ತಿಯಾಗುತ್ತದೆ.

ಜತೆಗೆ ಮಾಡಬಹುದಾದ ಇನ್ನೆರಡು ಕೆಲಸಗಳಿಗೆ ದೊಡ್ಡ ಹಣವೂ ಬೇಡ. ಜೂನ್‌ನಲ್ಲೇ ಗಡ್ಡಿಗಳ ಮೂರು ತಿಂಗಳ ಪಡಿತರ ಒಟ್ಟಿಗೆ ಮುಟ್ಟಿಸುವುದು ಒಂದು. ಆಗಸ್ಟ್, ಸೆಪ್ಟೆಂಬರಿನಲ್ಲಿ ದಿನ ತುಂಬುವ ಗರ್ಭಿಣಿಯರನ್ನು ಜುಲೈ ಮೊದಲ ವಾರವೇ ಆಚೆ ದಂಡೆಗೆ ಕರೆತಂದು, ಜತೆಗೊಬ್ಬರು ಇರುವಂತೆ ತಂಗಲು ಜಾಗ ಕೊಡುವುದು ಇನ್ನೊಂದು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ದಿನಾಂಕಗಳು ಇದ್ದೇ ಇರುತ್ತವೆ.

ಹಣ ಬೇಕಾಗುವುದು ಸೇತುವೆಗೆ, ಅದನ್ನು ಕೇಳಬೇಕಾದ ಖಾತೆ ಯಾವುದೆಂಬುದೇ ಮುಖ್ಯ ಪ್ರಶ್ನೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮೂರನೇ ಹಂತದ ಮಾತು ಜೋರಾಗಿದೆ. ಮುಳುಗುವ ಎಕರೆಗೆ ಪರಿಹಾರ ಎಷ್ಟು, ಯಾವ ಕಾಲುವೆಗೆ ನೀರು ಎಷ್ಟು ಎಂಬ ಚರ್ಚೆಯಲ್ಲಿ ಬಾಗಲಕೋಟೆ, ವಿಜಯಪುರ, ಕಲಬುರಗಿ, ಯಾದಗಿರಿ ಎಲ್ಲ ಜಿಲ್ಲೆಗಳ ದನಿಯೂ ಇದೆ. ನಾರಾಯಣಪುರದ ಕೆಳಗಿನ ಗಡ್ಡಿಗಳ ಮತ ಕಡಿಮೆ. ಅವರ ದನಿ ಆ ಸಭೆ ಮುಟ್ಟುವುದಿಲ್ಲ. ಕೋಟಿಗಟ್ಟಲೆಯ ಆ ಅಂದಾಜುಪಟ್ಟಿಯಲ್ಲಿ ಗಡ್ಡಿಗಳ ಸೇತುವೆಗೆ ಒಂದು ಸಾಲು ಸೇರಿಸಿದರೆ ಯೋಜನೆಗೆ ಭಾರವಾಗದು. ವಿಕೋಪ ನಿಧಿಯಿಂದ ಅಂಗಲಾಚಿ ಪಡೆಯುವ ತಗ್ಗು ಸೇತುವೆ ಒಂದು ಮಾತು, ಯೋಜನೆಯ ಅಂಗವೆಂದು ಹಕ್ಕಿನಿಂದ ಸಿಗುವ ಎತ್ತರದ ಸೇತುವೆ ಇನ್ನೊಂದು ಮಾತು. ಎಷ್ಟು ಎತ್ತರ ಬೇಕೆಂದು ಹೊಸ ಸಮಿತಿ ಮಾಡಬೇಕಾಗಿಲ್ಲ. ಯಾವ ವರ್ಷ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನೀರು ಬಿಟ್ಟರು ಎಂಬ ಲೆಕ್ಕ ಗೇಟಿನ ದಾಖಲೆ ಪುಸ್ತಕದಲ್ಲೇ ಇದೆ. ಕಾಲುವೆಗೆ ನೀರು ಹಂಚಲು ತೆಗೆಯುವ ಆ ಪುಸ್ತಕವನ್ನು ಗಡ್ಡಿಗಳ ಸಲುವಾಗಿಯೂ ಒಮ್ಮೆ ತೆರೆಯಲಿ.